ಆಸ್ಪತ್ರೆಗಳಲ್ಲಿ ಬಾರ್‌ಕೋಡ್ ಲೇಬಲ್‌ಗಳು ಹಾಗೂ ಗುರುತುಪಟ್ಟಿಗಳು: ಒಂದು ವಿವೇಚನೆ

ಪೀಠಿಕೆ

ಚಿಕಿತ್ಸೆಯ ಯಶಸ್ಸು ರೋಗನಿದಾನ, ಔಷಧ ಹಾಗೂ ಶುಶ್ರೂಷೆಗಳನ್ನು ಅವಲಂಬಿಸಿದೆಯೆಂಬುದು ಸರ್ವವಿದಿತ. ಆದರೆ ಈ ಮೂರಕ್ಕೂ ಆಧಾರವಾದ ಇನ್ನೊಂದು ಸಂಗತಿ ವಿದ್ವತ್ ಚರ್ಚೆಗೆ ಒಳಗಾಗುವುದು ವಿರಳ. ಅದೇ ಗುರುತಿಸುವಿಕೆ. ಮುಂದಿರುವ ರೋಗಿ ಯಾರು, ಕೈಯಲ್ಲಿರುವ ಔಷಧ ಯಾವುದು, ನಳಿಕೆಯಲ್ಲಿರುವ ರಕ್ತ ಯಾರದು ಎಂಬ ಪ್ರಶ್ನೆಗಳಿಗೆ ತಪ್ಪು ಉತ್ತರ ದೊರೆತರೆ ಅತ್ಯುತ್ತಮ ವೈದ್ಯಜ್ಞಾನವೂ ನಿಷ್ಫಲವಾಗುತ್ತದೆ. ಕೆಲವೊಮ್ಮೆ ಪ್ರಾಣಾಪಾಯಕ್ಕೂ ಕಾರಣವಾಗುತ್ತದೆ. ಅಂಗಡಿಯ ಸರಕುಗಳ ಬೆಲೆಯನ್ನು ಶೀಘ್ರವಾಗಿ ಓದಲೆಂದು ರೂಪುಗೊಂಡ ಬಾರ್‌ಕೋಡ್ ತಂತ್ರಜ್ಞಾನವು ಕಳೆದ ಐದು ದಶಕಗಳಲ್ಲಿ ಈ ಪ್ರಶ್ನೆಗಳನ್ನು ಬಗೆಹರಿಸುವ ಸಾಧನವಾಗಿ ಆಸ್ಪತ್ರೆಗಳನ್ನು ಪ್ರವೇಶಿಸಿದೆ. ಅದರ ರಚನೆ, ಬಳಕೆಯ ಕ್ಷೇತ್ರಗಳು, ದೊರೆತಿರುವ ಫಲಿತಾಂಶಗಳು ಹಾಗೂ ಅದರ ಮಿತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ದೋಷಗಳ ಸ್ವರೂಪ

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು 1999ರಲ್ಲಿ ಪ್ರಕಟಿಸಿದ 'ಟು ಎರ್ ಈಸ್ ಹ್ಯೂಮನ್' ಎಂಬ ವರದಿಯು, ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ದೋಷಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಸಾವಿಗೀಡಾಗುತ್ತಿರಬಹುದೆಂದು ಅಂದಾಜು ಮಾಡಿತು. ಈ ಅಂದಾಜಿನ ವಿಧಾನದ ಬಗೆಗೆ ಮುಂದೆ ವಾದವಿವಾದಗಳು ನಡೆದರೂ, ದೋಷಗಳನ್ನು ವ್ಯಕ್ತಿಗಳ ಅಜಾಗರೂಕತೆಯೆಂದು ಕಾಣುವ ಬದಲು ವ್ಯವಸ್ಥೆಯ ಕೊರತೆಯೆಂದು ಕಾಣುವ ದೃಷ್ಟಿ ಈ ವರದಿಯಿಂದ ಬಲಗೊಂಡಿತು.

ಔಷಧ ಸಂಬಂಧಿ ದೋಷಗಳು ಎಲ್ಲಿ ಸಂಭವಿಸುತ್ತವೆ ಎಂಬುದು ಇಲ್ಲಿ ಮುಖ್ಯ. ಬಾಸ್ಟನ್ ನಗರದ ಎರಡು ಆಸ್ಪತ್ರೆಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಹಾನಿಕಾರಕ ಅಥವಾ ಹಾನಿಯ ಸಂಭವವಿದ್ದ ದೋಷಗಳಲ್ಲಿ ಶೇ. 39ರಷ್ಟು ವೈದ್ಯರು ಔಷಧ ಬರೆಯುವ ಹಂತದಲ್ಲಿ, ಶೇ. 12ರಷ್ಟು ಅದನ್ನು ನಕಲು ಮಾಡಿಕೊಳ್ಳುವ ಹಂತದಲ್ಲಿ, ಶೇ. 11ರಷ್ಟು ಔಷಧಾಲಯದಲ್ಲಿ ಹಾಗೂ ಶೇ. 38ರಷ್ಟು ರೋಗಿಗೆ ಔಷಧ ನೀಡುವ ಹಂತದಲ್ಲಿ ಸಂಭವಿಸಿದ್ದವು. ವೈದ್ಯರು ಬರೆದುದರಲ್ಲಿ ತಪ್ಪಿದ್ದರೆ ಅದನ್ನು ಔಷಧಶಾಸ್ತ್ರಜ್ಞರೋ ಶುಶ್ರೂಷಕಿಯರೋ ಗಮನಿಸುವ ಅವಕಾಶವಿರುತ್ತದೆ. ಹಾಸಿಗೆಯ ಪಕ್ಕದಲ್ಲಿ ಆಗುವ ತಪ್ಪನ್ನು ತಡೆಯಲು ಮಾತ್ರ ಅನಂತರದ ಹಂತವೆಂಬುದೇ ಇರುವುದಿಲ್ಲ. ಬಾರ್‌ಕೋಡ್ ಪದ್ಧತಿಯು ಪ್ರಧಾನವಾಗಿ ಈ ಕೊನೆಯ ಹಂತಕ್ಕೆ ಒಂದು ಕಾವಲನ್ನು ಒದಗಿಸುತ್ತದೆ.

ಉಗಮ ಮತ್ತು ರಚನೆ

ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಅವರು ಬಾರ್‌ಕೋಡಿನ ಮೂಲ ಕಲ್ಪನೆಗೆ 1949ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದರು. 1952ರಲ್ಲಿ ಅದು ಮಂಜೂರಾಯಿತು. ತಂತಿಸಂದೇಶದ ಮೋರ್ಸ್ ಸಂಕೇತದ ಚುಕ್ಕೆ ಹಾಗೂ ಅಡ್ಡಗೆರೆಗಳನ್ನು ಕೆಳಮುಖವಾಗಿ ಎಳೆದು ಉದ್ದಗೊಳಿಸಿದರೆ ಕಿರಿದಾದ ಮತ್ತು ಅಗಲವಾದ ಗೆರೆಗಳು ದೊರೆಯುತ್ತವೆಂಬುದು ವುಡ್‌ಲ್ಯಾಂಡ್ ಅವರಿಗೆ ಹೊಳೆದ ವಿಚಾರ. ಸೂಕ್ತವಾದ ಲೇಸರ್ ಹಾಗೂ ಅಗ್ಗದ ಗಣಕಗಳು ಲಭ್ಯವಾದ ಮೇಲಷ್ಟೇ ಇದು ಬಳಕೆಗೆ ಬಂದಿತು. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಚೂಯಿಂಗ್ ಗಮ್ ಪೊಟ್ಟಣವೊಂದು ಈ ಬಗೆಯಲ್ಲಿ ಓದಲ್ಪಟ್ಟ ಮೊದಲ ಸರಕಾಯಿತು.

ಬಾರ್‌ಕೋಡಿನಲ್ಲಿ ಮಾಹಿತಿಯು ಕಪ್ಪು ಗೆರೆಗಳಲ್ಲಿ ಮಾತ್ರವಲ್ಲದೆ ಅವುಗಳ ನಡುವಣ ಬಿಳಿಯ ತೆರಪುಗಳಲ್ಲಿಯೂ ಅಡಗಿರುತ್ತದೆ. ಸ್ಕ್ಯಾನರಿನ ಬೆಳಕು ಬಿಳಿಯ ಭಾಗದಿಂದ ಹೆಚ್ಚಾಗಿಯೂ ಕಪ್ಪು ಭಾಗದಿಂದ ಕಡಿಮೆಯಾಗಿಯೂ ಪ್ರತಿಫಲಿಸುತ್ತದೆ. ಈ ಏರಿಳಿತದ ಅಗಲಗಳನ್ನು ಅಳೆದು ಉಪಕರಣವು ಅಕ್ಷರ ಅಥವಾ ಅಂಕಿಗಳನ್ನು ಗ್ರಹಿಸುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ, 1981ರಲ್ಲಿ ರೂಪುಗೊಂಡ 'ಕೋಡ್ 128' ಎಂಬ ಪ್ರಕಾರದಲ್ಲಿ ಪ್ರತಿಯೊಂದು ಚಿಹ್ನೆಯೂ ಹನ್ನೊಂದು ಸಮಾನ ಘಟಕಗಳಷ್ಟು ಅಗಲವಿದ್ದು, ಮೂರು ಗೆರೆ ಹಾಗೂ ಮೂರು ತೆರಪುಗಳಿಂದ ಕೂಡಿರುತ್ತದೆ.

ತಪ್ಪಾಗಿ ಓದುವುದನ್ನು ತಡೆಯಲು ಸಂಕೇತದ ಕೊನೆಯಲ್ಲಿ ಪರೀಕ್ಷಾ ಅಂಕಿಯೊಂದನ್ನು ಸೇರಿಸಲಾಗುತ್ತದೆ. ಸರಕುಗಳ 13 ಅಂಕಿಗಳ ಸಂಖ್ಯೆಯನ್ನು ಉದಾಹರಣೆಯಾಗಿ ನೋಡಬಹುದು. ಮೊದಲ ಹನ್ನೆರಡು ಅಂಕಿಗಳು 890123456789 ಎಂದಿರಲಿ. ಬೆಸ ಸ್ಥಾನದ ಅಂಕಿಗಳ ಮೊತ್ತ 28. ಸಮ ಸ್ಥಾನದ ಅಂಕಿಗಳ ಮೊತ್ತ 34. ಅದನ್ನು ಮೂರರಿಂದ ಗುಣಿಸಿದರೆ 102. ಎರಡನ್ನೂ ಕೂಡಿಸಿದರೆ 130. ಇದು ಹತ್ತರ ಗುಣಕವಾಗಿರುವುದರಿಂದ ಪರೀಕ್ಷಾ ಅಂಕಿ 0 ಆಗುತ್ತದೆ. ಯಾವುದೇ ಒಂದು ಅಂಕಿ ಬದಲಾದರೂ ಮೊತ್ತವು ಹತ್ತರ ಗುಣಕವಾಗಿ ಉಳಿಯದ ಕಾರಣ ತಪ್ಪು ಪತ್ತೆಯಾಗುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಸ್ಥಾನಪಲ್ಲಟಗೊಂಡರೂ, ಅವುಗಳ ನಡುವಣ ವ್ಯತ್ಯಾಸ ಐದು ಆಗಿರುವ ಸಂದರ್ಭಗಳನ್ನುಳಿದು, ದೋಷವು ತಿಳಿದುಬರುತ್ತದೆ. ಕೈಯಿಂದ ಸಂಖ್ಯೆಗಳನ್ನು ಬರೆದುಕೊಳ್ಳುವ ಪದ್ಧತಿಯಲ್ಲಿ ಇಂತಹ ಸ್ವಯಂಪರೀಕ್ಷೆಗೆ ಅವಕಾಶವಿಲ್ಲ.

ಗೆರೆಗಳ ಸಂಕೇತಕ್ಕೆ ಸ್ಥಳ ಹೆಚ್ಚು ಬೇಕು. ಚಿಕ್ಕ ಆಂಪೂಲ್ ಅಥವಾ ಒಂದೇ ಮಾತ್ರೆಯ ಪೊಟ್ಟಣದ ಮೇಲೆ ಅದು ಹಿಡಿಸದು. ಈ ಕಾರಣದಿಂದ ಚುಕ್ಕಿಚೌಕಗಳಿಂದ ಕೂಡಿದ ದ್ವಿಮಾನ ಸಂಕೇತಗಳು ಬಳಕೆಗೆ ಬಂದವು. 1980ರ ದಶಕದ ಕೊನೆಯಲ್ಲಿ ರೂಪುಗೊಂಡ ಡೇಟಾ ಮ್ಯಾಟ್ರಿಕ್ಸ್ ಹಾಗೂ 1994ರಲ್ಲಿ ಜಪಾನಿನ ಡೆನ್ಸೋ ವೇವ್ ಸಂಸ್ಥೆ ರೂಪಿಸಿದ ಕ್ಯೂಆರ್ ಕೋಡ್ ಈ ವರ್ಗಕ್ಕೆ ಸೇರುತ್ತವೆ. ಇವುಗಳಲ್ಲಿ ದೋಷಗಳನ್ನು ಪತ್ತೆ ಮಾಡುವುದಷ್ಟೇ ಅಲ್ಲದೆ ಸರಿಪಡಿಸುವ ಗಣಿತ ವಿಧಾನವೂ ಅಳವಟ್ಟಿರುವುದರಿಂದ, ಸಂಕೇತದ ಒಂದು ಭಾಗ ಅಳಿಸಿಹೋದರೂ ಉಳಿದ ಭಾಗದಿಂದ ಮಾಹಿತಿಯನ್ನು ಮರಳಿ ಪಡೆಯಬಹುದು.

ರಕ್ತನಿಧಿಗಳಲ್ಲಿ ಬಳಕೆ

ವೈದ್ಯಕೀಯ ಕ್ಷೇತ್ರದಲ್ಲಿ ಬಾರ್‌ಕೋಡನ್ನು ಮೊದಲಿಗೆ ವ್ಯಾಪಕವಾಗಿ ಅಳವಡಿಸಿಕೊಂಡವುಗಳಲ್ಲಿ ರಕ್ತನಿಧಿಗಳು ಪ್ರಮುಖವಾದವು. ಇದು ಸಹಜವೇ ಆಗಿದೆ. ಹೊಂದಿಕೆಯಾಗದ ಗುಂಪಿನ ರಕ್ತವನ್ನು ನೀಡಿದರೆ ರೋಗಿಯ ದೇಹದಲ್ಲಿ ಕೆಂಪು ರಕ್ತಕಣಗಳು ಒಡೆದು, ಮೂತ್ರಪಿಂಡಗಳು ವಿಫಲವಾಗಿ ಸಾವು ಸಂಭವಿಸಬಹುದು. ನ್ಯೂಯಾರ್ಕ್ ರಾಜ್ಯದ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು 19,000 ಕೆಂಪುಕಣ ಘಟಕಗಳಲ್ಲಿ ಒಂದು ತಪ್ಪಾಗಿ ನೀಡಲ್ಪಟ್ಟಿರುವುದು ವರದಿಯಾಗಿತ್ತು. ಪ್ರಯೋಗಾಲಯದ ಪರೀಕ್ಷೆ ಸರಿಯಿದ್ದರೂ ರೋಗಿಯನ್ನು ಗುರುತಿಸುವಲ್ಲಿ ತಪ್ಪಿದರೆ ಇಂತಹ ಪ್ರಸಂಗಗಳು ಒದಗುತ್ತವೆ.

1970ರ ದಶಕದಲ್ಲಿ ರಕ್ತದ ಚೀಲಗಳಿಗೆ 'ಕೋಡಾಬಾರ್' ಎಂಬ ಸಂಕೇತವನ್ನು ಬಳಸಲಾಯಿತು. ಭಿನ್ನ ರಕ್ತನಿಧಿಗಳಲ್ಲಿ ಒಂದೇ ಸಂಖ್ಯೆ ಪುನರಾವರ್ತನೆಯಾಗುವ ಸಾಧ್ಯತೆಯಿದ್ದುದು ಅದರ ಕೊರತೆಯಾಗಿತ್ತು. ಇದನ್ನು ನಿವಾರಿಸಲು ಅಂತರರಾಷ್ಟ್ರೀಯ ರಕ್ತಪೂರಣ ಸಂಘದ ಆಶ್ರಯದಲ್ಲಿ 'ಐಎಸ್‌ಬಿಟಿ 128' ಎಂಬ ಮಾನದಂಡವು 1994ರಲ್ಲಿ ರೂಪುಗೊಂಡಿತು. ಇದರಲ್ಲಿ ಪ್ರತಿ ರಕ್ತದಾನಕ್ಕೂ ಹದಿಮೂರು ಚಿಹ್ನೆಗಳ ಸಂಖ್ಯೆ ನೀಡಲಾಗುತ್ತದೆ. ಮೊದಲ ಐದು ಚಿಹ್ನೆಗಳು ರಕ್ತವನ್ನು ಸಂಗ್ರಹಿಸಿದ ಸಂಸ್ಥೆಯನ್ನು, ಮುಂದಿನ ಎರಡು ವರ್ಷವನ್ನು, ಕೊನೆಯ ಆರು ಕ್ರಮಸಂಖ್ಯೆಯನ್ನು ಸೂಚಿಸುತ್ತವೆ. ಜಗತ್ತಿನ ಯಾವ ಭಾಗದಲ್ಲಿ ಸಂಗ್ರಹಿಸಿದ ರಕ್ತವಾದರೂ ನೂರು ವರ್ಷಗಳ ಅವಧಿಯಲ್ಲಿ ಅದೇ ಸಂಖ್ಯೆ ಮತ್ತೊಂದು ಚೀಲಕ್ಕೆ ಬರುವುದಿಲ್ಲ.

ಭಾರತದ ಔಷಧ ನಿಯಮಗಳು ರಕ್ತದ ಚೀಲಗಳ ಲೇಬಲ್‌ಗಳಿಗೆ ವರ್ಣವ್ಯವಸ್ಥೆಯೊಂದನ್ನು ವಿಧಿಸಿವೆ. ಎ ಗುಂಪಿಗೆ ಹಳದಿ, ಬಿ ಗುಂಪಿಗೆ ಗುಲಾಬಿ, ಓ ಗುಂಪಿಗೆ ನೀಲಿ, ಎಬಿ ಗುಂಪಿಗೆ ಬಿಳಿ. ಬಣ್ಣವು ಗುಂಪನ್ನು ತಿಳಿಸಬಲ್ಲುದೇ ಹೊರತು ಆ ಚೀಲ ಯಾವ ರೋಗಿಗೆ ಮೀಸಲೆಂಬುದನ್ನು ತಿಳಿಸಲಾರದು. ಆದುದರಿಂದ ಬಣ್ಣ ಹಾಗೂ ಬಾರ್‌ಕೋಡ್ ಪರಸ್ಪರ ಪೂರಕವೇ ವಿನಾ ಒಂದಕ್ಕೊಂದು ಪರ್ಯಾಯವಲ್ಲ.

ಹಾಸಿಗೆಯ ಬಳಿಯ ಪರಿಶೀಲನೆ

ಔಷಧ ನೀಡುವಲ್ಲಿ ಬಾರ್‌ಕೋಡನ್ನು ಬಳಸುವ ವಿಚಾರವು ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯ ಶುಶ್ರೂಷಕಿ ಸ್ಯೂ ಕಿನ್ನಿಕ್ ಅವರದೆಂದು ದಾಖಲಾಗಿದೆ. 1992ರಲ್ಲಿ ಬಾಡಿಗೆ ಕಾರನ್ನು ಹಿಂದಿರುಗಿಸುವಾಗ ಅಲ್ಲಿನ ನೌಕರರು ಕಾರಿನ ಬಾರ್‌ಕೋಡನ್ನು ಕೈಯುಪಕರಣದಿಂದ ಓದಿದುದನ್ನು ಕಂಡ ಅವರು, ಕಾರುಗಳಿಗೆ ಸಾಧ್ಯವಾದುದು ರೋಗಿಗಳಿಗೂ ಔಷಧಗಳಿಗೂ ಏಕೆ ಸಾಧ್ಯವಿಲ್ಲವೆಂದು ಆಲೋಚಿಸಿದರು. ಟೊಪೀಕಾದಲ್ಲಿ ನಡೆದ ಪ್ರಯೋಗದ ಬಳಿಕ 2000ದ ಹೊತ್ತಿಗೆ ಈ ಪದ್ಧತಿಯು ಆ ಇಲಾಖೆಯ ಆಸ್ಪತ್ರೆಗಳಿಗೆಲ್ಲ ವಿಸ್ತರಿಸಿತು.

ಈ ಪದ್ಧತಿಯಲ್ಲಿ ಶುಶ್ರೂಷಕಿಯು ಮೊದಲು ತಮ್ಮ ಗುರುತಿನ ಚೀಟಿಯನ್ನು, ಅನಂತರ ರೋಗಿಯ ಮಣಿಕಟ್ಟಿನ ಪಟ್ಟಿಯನ್ನು, ಕೊನೆಯಲ್ಲಿ ಔಷಧದ ಪೊಟ್ಟಣವನ್ನು ಸ್ಕ್ಯಾನ್ ಮಾಡುತ್ತಾರೆ. ಗಣಕವು ಇವನ್ನು ವೈದ್ಯರ ಆದೇಶದೊಂದಿಗೆ ಹೋಲಿಸಿ, ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ ಹಾಗೂ ಸರಿಯಾದ ವೇಳೆ ಎಂಬ ಐದು ಅಂಶಗಳನ್ನು ಪರಿಶೀಲಿಸುತ್ತದೆ. ಯಾವುದಾದರೊಂದು ಹೊಂದದಿದ್ದಲ್ಲಿ ಎಚ್ಚರಿಕೆ ನೀಡುತ್ತದೆ. ಎಲ್ಲವೂ ಹೊಂದಿದ್ದಲ್ಲಿ ಔಷಧ ನೀಡಿದ ವೇಳೆಯನ್ನು ದಾಖಲಿಸಿಕೊಳ್ಳುತ್ತದೆ.

ಔಷಧದ ಮೇಲೆ ಸಂಕೇತವೇ ಇಲ್ಲದಿದ್ದರೆ ಈ ಪದ್ಧತಿ ನಡೆಯದು. ಆದ್ದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2004ರಲ್ಲಿ ನಿಯಮವೊಂದನ್ನು ಹೊರಡಿಸಿ, ಬಹುಪಾಲು ಔಷಧಗಳ ಲೇಬಲ್‌ಗಳಲ್ಲಿ ಬಾರ್‌ಕೋಡನ್ನು ಕಡ್ಡಾಯಗೊಳಿಸಿತು. ಆಗಲೇ ಮಾರುಕಟ್ಟೆಯಲ್ಲಿದ್ದ ಔಷಧಗಳಿಗೆ ಎರಡು ವರ್ಷಗಳ ಕಾಲಾವಕಾಶ ನೀಡಿತು. ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು ಇದರ ಪರಿಣಾಮವನ್ನು ಅಳೆದ ಪ್ರಮುಖ ಪ್ರಯತ್ನ. ಔಷಧ ನೀಡಿಕೆಯ 14,041 ಸಂದರ್ಭಗಳನ್ನು ಅಲ್ಲಿ ಪ್ರತ್ಯಕ್ಷವಾಗಿ ವೀಕ್ಷಿಸಲಾಯಿತು. ವೇಳೆಗೆ ಸಂಬಂಧಿಸಿದ ದೋಷಗಳನ್ನು ಬಿಟ್ಟು ಉಳಿದವುಗಳ ಪ್ರಮಾಣವು ಬಾರ್‌ಕೋಡ್ ಇಲ್ಲದ ಘಟಕಗಳಲ್ಲಿ ಶೇ. 11.5, ಇದ್ದ ಘಟಕಗಳಲ್ಲಿ ಶೇ. 6.8 ಆಗಿತ್ತು. ರೋಗಿಗೆ ಹಾನಿಯುಂಟುಮಾಡಬಹುದಾಗಿದ್ದ ಇಂತಹ ದೋಷಗಳು ಶೇ. 3.1ರಿಂದ ಶೇ. 1.6ಕ್ಕೆ ಇಳಿದವು. ಆದೇಶವನ್ನು ಕೈಯಿಂದ ನಕಲು ಮಾಡುವಾಗ ಆಗುತ್ತಿದ್ದ ದೋಷಗಳು ಸಂಪೂರ್ಣವಾಗಿ ನಿವಾರಣೆಯಾದವು. ದೋಷಗಳು ಗಣನೀಯವಾಗಿ ಇಳಿದರೂ ಪೂರ್ತಿ ಇಲ್ಲವಾಗಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು.

ಲೇಬಲ್ ಅಂಟಿಸುವ ಗಳಿಗೆ

ಪ್ರಯೋಗಾಲಯದಲ್ಲಿ ರಕ್ತದ ನಳಿಕೆಯ ಬಾರ್‌ಕೋಡನ್ನು ಪರೀಕ್ಷಾಯಂತ್ರವೇ ಓದಿ, ಯಾವ ಪರೀಕ್ಷೆ ಮಾಡಬೇಕೆಂಬುದನ್ನು ಗಣಕದಿಂದ ತಿಳಿದು, ಫಲಿತಾಂಶವನ್ನು ಅದೇ ಸಂಖ್ಯೆಗೆ ಜೋಡಿಸುತ್ತದೆ. ಇಲ್ಲಿ ಸಣ್ಣ ವಿವರಗಳೂ ಮಹತ್ವದವು. ಲೇಬಲನ್ನು ನಳಿಕೆಯ ಉದ್ದಕ್ಕೂ ನೇರವಾಗಿ, ನಳಿಕೆಯನ್ನು ನಿಲ್ಲಿಸಿದಾಗ ಗೆರೆಗಳು ಏಣಿಯ ಮೆಟ್ಟಿಲುಗಳಂತೆ ಅಡ್ಡಲಾಗಿ ಕಾಣುವ ಹಾಗೆ ಅಂಟಿಸಬೇಕು. ಓರೆಯಾದರೆ ಅಥವಾ ನಳಿಕೆಯ ಸುತ್ತ ಬಳಸಿಹೋದರೆ ಯಂತ್ರಕ್ಕೆ ಓದಲಾಗದು. ಮಣಿಕಟ್ಟಿನ ಪಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಎಳೆಗೂಸಿನ ಕೈಯ ಸುತ್ತ ಬಾಗಿದ ಉದ್ದನೆಯ ಸಂಕೇತದ ಎರಡು ತುದಿಗಳು ಒಮ್ಮೆಗೇ ಕಾಣುವುದಿಲ್ಲ. ಅಂತಹ ಕಡೆ ಚಿಕ್ಕ ದ್ವಿಮಾನ ಸಂಕೇತವನ್ನು ಪಟ್ಟಿಯುದ್ದಕ್ಕೂ ಹಲವು ಬಾರಿ ಮುದ್ರಿಸುವುದು ಸೂಕ್ತ. ಶಾಖಕ್ಕೆ ಕಪ್ಪಾಗುವ ಕಾಗದದ ಮೇಲಿನ ಮುದ್ರಣವು ಸ್ಪಿರಿಟ್, ಬಿಸಿಲು ಹಾಗೂ ತೇವಗಳಿಂದ ಮಸುಕಾಗುವುದರಿಂದ ಲೇಬಲ್ಲಿನ ಆಯ್ಕೆಯಲ್ಲಿಯೂ ಎಚ್ಚರ ಅವಶ್ಯ.

ಇವೆಲ್ಲಕ್ಕಿಂತ ಮಿಗಿಲಾದುದು ಲೇಬಲ್ ಅಂಟಿಸುವ ಗಳಿಗೆ. ಶುಶ್ರೂಷಕಿಯರ ಮೇಜಿನ ಮೇಲೆ ಹತ್ತು ರೋಗಿಗಳ ಲೇಬಲ್‌ಗಳನ್ನು ಒಟ್ಟಿಗೆ ಮುದ್ರಿಸಿ, ಖಾಲಿ ನಳಿಕೆಗಳಿಗೆ ಮೊದಲೇ ಅಂಟಿಸಿಟ್ಟುಕೊಂಡರೆ, ಒಬ್ಬರ ರಕ್ತ ಮತ್ತೊಬ್ಬರ ನಳಿಕೆಗೆ ಸೇರುವ ಅಪಾಯವಿದೆ. ಹೀಗೆ ಅದಲುಬದಲಾದ ನಳಿಕೆಯನ್ನು ಯಂತ್ರವು ನಿರ್ದೋಷವಾಗಿಯೇ ಓದುತ್ತದೆ. ಬಾರ್‌ಕೋಡ್ ಪರೀಕ್ಷಿಸುವುದು ಲೇಬಲನ್ನೇ ಹೊರತು ವಸ್ತುವನ್ನಲ್ಲ. ತಪ್ಪು ಲೇಬಲ್ ಅಂಟಿಕೊಂಡ ಮೇಲೆ ಅದೇ ತಪ್ಪು ಸತ್ಯದ ಮುದ್ರೆಯೊಂದಿಗೆ ಮುಂದಿನ ಹಂತಗಳನ್ನೆಲ್ಲ ದಾಟುತ್ತದೆ. ಆದ್ದರಿಂದ ರೋಗಿಯ ಪಟ್ಟಿಯನ್ನು ಓದಿ, ರಕ್ತವನ್ನು ತೆಗೆದು, ಅಲ್ಲಿಯೇ ಲೇಬಲ್ ಮುದ್ರಿಸಿ, ರೋಗಿಯ ಪಕ್ಕದಲ್ಲಿಯೇ ಅಂಟಿಸುವುದು ಮೂಲಭೂತ ನಿಯಮವಾಗಿದೆ.

ಅಡ್ಡದಾರಿಗಳು ಮತ್ತು ಮಿತಿಗಳು

ಅಮೆರಿಕದ ಐದು ಆಸ್ಪತ್ರೆಗಳನ್ನು ಕುರಿತ 2008ರ ಅಧ್ಯಯನವೊಂದು, ಸಿಬ್ಬಂದಿ ಬಾರ್‌ಕೋಡ್ ಪದ್ಧತಿಯನ್ನು ಬಳಸಿಹೋಗುವ 15 ಬಗೆಯ ಅಡ್ಡದಾರಿಗಳನ್ನೂ ಅವುಗಳ 31 ಕಾರಣಗಳನ್ನೂ ಗುರುತಿಸಿತು. ರೋಗಿಗಳ ಪಟ್ಟಿಗಳ ನಕಲುಗಳನ್ನು ಬೇರೆಡೆ ಇಟ್ಟುಕೊಂಡು ಅವನ್ನೇ ಸ್ಕ್ಯಾನ್ ಮಾಡುವುದು ಇವುಗಳಲ್ಲಿ ಒಂದು. ಮೇಲ್ನೋಟಕ್ಕೆ ಇದು ಸೋಮಾರಿತನವೆಂದು ತೋರಬಹುದು. ಕಾರಣಗಳನ್ನು ಪರಿಶೀಲಿಸಿದರೆ ಬೇರೆಯೇ ಚಿತ್ರ ಮೂಡುತ್ತದೆ. ಸುಕ್ಕಾದ, ಹರಿದ ಅಥವಾ ಮಸುಕಾದ ಸಂಕೇತ, ನೆನೆದುಹೋದ ಪಟ್ಟಿ, ಸ್ಕ್ಯಾನರಿನ ಬ್ಯಾಟರಿ ಮುಗಿದಿರುವುದು, ನಿಸ್ತಂತು ಸಂಪರ್ಕ ಕಡಿದುಹೋಗುವುದು, ಸಂಕೇತವೇ ಇಲ್ಲದ ಔಷಧ, ತುರ್ತು ಸನ್ನಿವೇಶ: ಇವುಗಳ ನಡುವೆ ಕೆಲಸ ನಿಲ್ಲಿಸಲಾಗದ ಸಿಬ್ಬಂದಿ ತಮಗೆ ಸಾಧ್ಯವಾದ ದಾರಿಯನ್ನು ಕಂಡುಕೊಂಡಿರುತ್ತಾರೆ. ಅಡ್ಡದಾರಿಯು ಶಿಸ್ತಿನ ಪ್ರಶ್ನೆಯೆನ್ನುವುದಕ್ಕಿಂತ ವ್ಯವಸ್ಥೆ ಎಲ್ಲಿ ಮುಗ್ಗರಿಸುತ್ತಿದೆಯೆಂಬುದರ ಸೂಚನೆಯೆಂದು ತಿಳಿಯುವುದು ಉಚಿತ.

ಬಣ್ಣದ ಪಟ್ಟಿಗಳ ವಿಷಯದಲ್ಲಿಯೂ ಪಾಠವಿದೆ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2005ರಲ್ಲಿ ವರದಿಯಾದ ಪ್ರಸಂಗವೊಂದರಲ್ಲಿ, ಎರಡು ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಶುಶ್ರೂಷಕರೊಬ್ಬರು ರೋಗಿಯ ಕೈಗೆ ಹಳದಿ ಪಟ್ಟಿಯನ್ನು ತೊಡಿಸಿದರು. ಒಂದು ಆಸ್ಪತ್ರೆಯಲ್ಲಿ ಅದರ ಅರ್ಥ ಆ ಕೈಯಿಂದ ರಕ್ತ ತೆಗೆಯಬಾರದು ಎಂಬುದು. ಇನ್ನೊಂದರಲ್ಲಿ, ಹೃದಯ ನಿಂತರೆ ಪುನಶ್ಚೇತನಗೊಳಿಸಬಾರದು ಎಂಬುದು. ರೋಗಿಯ ಹೃದಯ ಸ್ತಂಭಿಸಿದಾಗ ಚಿಕಿತ್ಸೆಯೇ ತಪ್ಪಿಹೋಗುವುದರಲ್ಲಿತ್ತು. ಪಟ್ಟಿಯ ತಪ್ಪು ಸಕಾಲದಲ್ಲಿ ತಿಳಿದುಬಂದುದರಿಂದ ಅನಾಹುತ ತಪ್ಪಿತು. ಗುರುತು ಎಲ್ಲರಿಗೂ ಒಂದೇ ಅರ್ಥವನ್ನು ಕೊಡದಿದ್ದರೆ ಅದು ಗುರುತೇ ಆಗದು.

ನೇರವಾಗಿ ಕಾಣದಿದ್ದರೂ ಓದಬಹುದಾದ ರೇಡಿಯೋ ತರಂಗದ ಟ್ಯಾಗ್‌ಗಳು ಬಾರ್‌ಕೋಡಿಗೆ ಪರ್ಯಾಯವಾಗಿ ಬಂದಿವೆ. ಉಪಕರಣಗಳು ಎಲ್ಲಿವೆಯೆಂದು ಪತ್ತೆ ಮಾಡಲು ಇವು ಉಪಯುಕ್ತ. ಆದರೆ ನೆದರ್ಲೆಂಡ್ಸ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ 123 ಪರೀಕ್ಷೆಗಳಲ್ಲಿ ವೈದ್ಯಕೀಯ ಉಪಕರಣಗಳ ಕಾರ್ಯಕ್ಕೆ 34 ಬಾರಿ ಅಡ್ಡಿಯುಂಟಾಗಿ, ಅವುಗಳಲ್ಲಿ 22 ಅಪಾಯಕಾರಿಯೆಂದು ವರ್ಗೀಕರಿಸಲ್ಪಟ್ಟವು. ತೀವ್ರನಿಗಾ ಘಟಕಗಳಲ್ಲಿ ಸ್ಥಳೀಯ ಪರೀಕ್ಷೆಯಿಲ್ಲದೆ ಇವನ್ನು ಅಳವಡಿಸಬಾರದೆಂಬುದು ಇದರಿಂದ ಸ್ಪಷ್ಟ. ಮುದ್ರಿತ ಸಂಕೇತಕ್ಕೆ ಈ ತೊಡಕಿಲ್ಲ, ಬೆಲೆಯೂ ಅಲ್ಪ.

ಭಾರತದ ಸನ್ನಿವೇಶ

ಭಾರತದಲ್ಲಿ ಔಷಧ ನಿಯಮಗಳಿಗೆ 2022ರ ನವೆಂಬರಿನಲ್ಲಿ ತರಲಾದ ತಿದ್ದುಪಡಿಯು 300 ಔಷಧ ಬ್ರಾಂಡ್‌ಗಳನ್ನು ಎಚ್2 ಅನುಸೂಚಿಯಲ್ಲಿ ಹೆಸರಿಸಿ, 2023ರ ಆಗಸ್ಟ್ 1ರಿಂದ ಅವುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯಗೊಳಿಸಿತು. ಔಷಧದ ಹೆಸರು, ತಯಾರಕರ ವಿವರ, ಬ್ಯಾಚ್ ಸಂಖ್ಯೆ, ತಯಾರಿಕೆಯ ಹಾಗೂ ಅವಧಿ ಮುಗಿಯುವ ದಿನಾಂಕ, ಪರವಾನಗಿ ಸಂಖ್ಯೆ ಮೊದಲಾದವು ಅದರಲ್ಲಿರಬೇಕು. ಇದರ ಮುಖ್ಯ ಗುರಿ ನಕಲಿ ಔಷಧಗಳ ಪತ್ತೆ. ಪೊಟ್ಟಣದಲ್ಲಿ ಸ್ಥಳವಿಲ್ಲದಿದ್ದರೆ ಹೊರಪೆಟ್ಟಿಗೆಯ ಮೇಲೆ ಮುದ್ರಿಸಲು ನಿಯಮವೇ ಅವಕಾಶ ನೀಡುವುದರಿಂದ, ಹಾಸಿಗೆಯ ಬಳಿಯ ಪರಿಶೀಲನೆಗೆ ಅದು ಸದಾ ಒದಗುವುದಿಲ್ಲ. ಹತ್ತು ಮಾತ್ರೆಗಳ ಸ್ಟ್ರಿಪ್ಪನ್ನು ಕತ್ತರಿಸಿ ಎರಡು ಮೂರು ಮಾತ್ರೆಗಳನ್ನು ಕೊಡುವ ರೂಢಿ ನಮ್ಮಲ್ಲಿದೆ. ಕತ್ತರಿಸಿದ ತುಂಡಿನಲ್ಲಿ ಸಂಕೇತವಿರಲಿ, ಅವಧಿ ಮುಗಿಯುವ ದಿನಾಂಕವೂ ಉಳಿಯದಿರಬಹುದು. ಆಸ್ಪತ್ರೆಯ ಔಷಧಾಲಯದಲ್ಲಿಯೇ ಒಂದೊಂದು ಮಾತ್ರೆಯನ್ನು ಪ್ರತ್ಯೇಕ ಪೊಟ್ಟಣಕ್ಕೆ ಹಾಕಿ ಲೇಬಲ್ ಅಂಟಿಸುವುದು ಇದಕ್ಕೆ ಪರಿಹಾರವಾದರೂ, ಆ ಹಂತದಲ್ಲಿ ತಪ್ಪಾದರೆ ಮೇಲೆ ಹೇಳಿದ ದೋಷವೇ ಮರುಕಳಿಸುತ್ತದೆ.

ರೋಗಿಯ ಗುರುತಿನ ವಿಷಯದಲ್ಲಿಯೂ ನಮ್ಮ ಸಮಸ್ಯೆ ಭಿನ್ನ. ರೋಗಿಯನ್ನು ಕನಿಷ್ಠ ಎರಡು ಅಂಶಗಳಿಂದ ಗುರುತಿಸಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ನಿಯಮ. ಪಾಶ್ಚಾತ್ಯ ದೇಶಗಳಲ್ಲಿ ಹೆಸರು ಹಾಗೂ ಜನ್ಮದಿನಾಂಕ ಇದಕ್ಕೆ ಸಾಮಾನ್ಯವಾಗಿ ಸಾಕಾಗುತ್ತವೆ. ಕರ್ನಾಟಕದ ಯಾವುದೇ ದೊಡ್ಡ ಆಸ್ಪತ್ರೆಯ ವಾರ್ಡಿನಲ್ಲಿ ಒಂದೇ ದಿನ ಇಬ್ಬರು ಲಕ್ಷ್ಮಮ್ಮ, ಇಬ್ಬರು ಮಂಜುನಾಥ ಇರುವುದು ಅಪರೂಪವಲ್ಲ. ಹಿರಿಯರಲ್ಲಿ ಅನೇಕರಿಗೆ ಜನ್ಮದಿನಾಂಕ ತಿಳಿಯದೆ, ದಾಖಲೆಗಳಲ್ಲಿ ಅಂದಾಜು ವರ್ಷದ ಜನವರಿ 1 ಎಂದು ಬರೆದಿರುತ್ತದೆ. ಕನ್ನಡದ ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ನಾಲ್ಕಾರು ರೀತಿ ಬರೆಯುವುದೂ ಉಂಟು. ಹೀಗಾಗಿ ಆಸ್ಪತ್ರೆ ನೀಡುವ ಪ್ರತ್ಯೇಕ ಸಂಖ್ಯೆಯೇ ಇಲ್ಲಿ ನಂಬಲರ್ಹವಾದ ಗುರುತಾಗುತ್ತದೆ. ಅದನ್ನು ತಪ್ಪಿಲ್ಲದೆ ಸಾಗಿಸುವ ಸಾಧನ ಬಾರ್‌ಕೋಡ್. ಇನ್ನೂ ಹೆಸರಿಡದ ಅವಳಿ ಶಿಶುಗಳ ವಿಷಯದಲ್ಲಿ ಇದರ ಅಗತ್ಯ ಮತ್ತಷ್ಟು ಹೆಚ್ಚು. ತಾಯಿಯ ಹೆಸರೊಂದೇ ಎರಡೂ ಕೂಸುಗಳ ಗುರುತಾಗಿರುವ ದಿನಗಳವು.

2021ರ ಸೆಪ್ಟೆಂಬರಿನಲ್ಲಿ ರಾಷ್ಟ್ರವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ವ್ಯಕ್ತಿಗೆ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಒದಗಿಸುತ್ತದೆ. ಹೊರರೋಗಿ ವಿಭಾಗದಲ್ಲಿ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ನೋಂದಾಯಿಸಿಕೊಳ್ಳುವ ಸೌಲಭ್ಯವು 2022ರಲ್ಲಿ ಜಾರಿಗೆ ಬಂದಿತು. ನೋಂದಣಿಯಲ್ಲಿ ಹೆಸರು ತಪ್ಪಾಗುವುದನ್ನು ಇದು ತಗ್ಗಿಸಬಲ್ಲುದು. ಒಳರೋಗಿಯ ಮಣಿಕಟ್ಟಿನವರೆಗೆ ಆ ಖಚಿತತೆ ತಲುಪಬೇಕಾದರೆ ಪಟ್ಟಿ, ಮುದ್ರಣಯಂತ್ರ, ಸ್ಕ್ಯಾನರ್ ಹಾಗೂ ವಿದ್ಯುತ್ ಸ್ಥಗಿತಗೊಂಡಾಗ ಅನುಸರಿಸಬೇಕಾದ ಲಿಖಿತ ಕ್ರಮ ಇವೆಲ್ಲವೂ ಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಹೊರಡುತ್ತವೆ. ಸೀಮಿತ ಸಂಪನ್ಮೂಲದ ಆಸ್ಪತ್ರೆಗಳು ಎಲ್ಲವನ್ನೂ ಒಮ್ಮೆಗೇ ಕೈಗೊಳ್ಳಬೇಕಾಗಿಲ್ಲ. ತಪ್ಪಿದರೆ ಹಾನಿ ಅತ್ಯಧಿಕವಾಗಿರುವ ರಕ್ತಪೂರಣ, ರಕ್ತದ ಮಾದರಿಗಳು ಹಾಗೂ ನವಜಾತ ಶಿಶುಗಳ ಗುರುತಿನಿಂದ ಆರಂಭಿಸುವುದು ಯುಕ್ತ. ಪಟ್ಟಿಯ ಮೇಲೆ ಸಂಕೇತದೊಂದಿಗೆ ರೋಗಿಯ ಹೆಸರನ್ನು ಕನ್ನಡದಲ್ಲಿಯೂ ಮುದ್ರಿಸಿದರೆ ರೋಗಿಯೂ ಅವರ ಮನೆಯವರೂ ಪರಿಶೀಲನೆಯಲ್ಲಿ ಪಾಲುಗೊಳ್ಳಬಹುದು. ಸ್ಕ್ಯಾನರ್ ಕೆಟ್ಟ ಹೊತ್ತಿನಲ್ಲಿ ಉಳಿಯುವ ಆಧಾರವೂ ಅದೇ. ರೋಗದ ವಿವರಗಳನ್ನು ಮಾತ್ರ ಪಟ್ಟಿಯಲ್ಲಿ ನಮೂದಿಸಬಾರದು. ಸಂಕೇತದಲ್ಲಿ ಸಂಖ್ಯೆಯಷ್ಟೇ ಇದ್ದು, ವಿವರಗಳು ರಕ್ಷಿತ ಗಣಕದಲ್ಲಿರಬೇಕು.

ಬಾರ್‌ಕೋಡ್ ಬಂದ ಮೇಲೆ ರೋಗಿಯ ಹೆಸರನ್ನು ಕೇಳುವ ಅಗತ್ಯವಿಲ್ಲವೆಂಬ ಭಾವನೆ ಮೂಡಿದರೆ ತಂತ್ರಜ್ಞಾನವೇ ಹೊಸ ಅಪಾಯವಾದೀತು. "ನೀವು ಲಕ್ಷ್ಮಮ್ಮನವರೇ?" ಎಂದು ಕೇಳಿದರೆ, ಕಿವಿ ಮಂದವಾದ ವೃದ್ಧೆ ಯಾರೇ ಆಗಿದ್ದರೂ ಹೌದೆಂದು ತಲೆಯಾಡಿಸಬಹುದು. "ನಿಮ್ಮ ಹೆಸರೇನಮ್ಮ?" ಎಂದು ಕೇಳಿ, ಅವರು ಹೇಳಿದ್ದನ್ನು ಪಟ್ಟಿಯೊಂದಿಗೆ ಹೋಲಿಸಿ, ಅನಂತರ ಸ್ಕ್ಯಾನ್ ಮಾಡುವ ಕ್ರಮಕ್ಕೆ ಹೆಚ್ಚುವರಿಯಾಗಿ ತಗಲುವುದು ಕೆಲವೇ ಕ್ಷಣಗಳು. ಗೆರೆಗಳು ಮಾಡುವ ಹೋಲಿಕೆಯು ಆ ಪ್ರಶ್ನೆಯ ಸ್ಥಾನವನ್ನು ತುಂಬಲಾರದು. ಅದಕ್ಕೆ ಬೆಂಬಲವಾಗಿ ನಿಲ್ಲಬಲ್ಲುದು.